ತೊಗರಿ ದುಡ್ಡು ಕೈಗೆ ಬರುವ ಮೊದಲೇ

ನಮ್ಮನೆಯವರು ಹನ್ನೊಂದು ವರ್ಷ ಮಟ್ಕಾ ಬರೆಸಿದರು, ಅಂದರೆ ನಂಬರಿನ ಮೇಲೆ ದುಡ್ಡು ಹಚ್ಚುವ ಜೂಜು. ಜೇವರ್ಗಿ ಕಡೆಯ ನಮ್ಮ ಊರಿಗೆ ಇದು ಹೊಸದೇನಲ್ಲ. ಬಿಡಿಸಲು ನಾನು ಜಗಳ ಆಡಿದೆ, ಕಣ್ಣೀರು ಹಾಕಿದೆ, ದೇವರ ಮುಂದೆ ಆಣೆ ಮಾಡಿಸಿದೆ. ಯಾವುದೂ ನಡೆಯಲಿಲ್ಲ. ಕೊನೆಗೆ ನಡೆದದ್ದನ್ನು ಹೇಳುತ್ತೇನೆ.

ಮೊದಲು ಗೋಡೆಯ ಕ್ಯಾಲೆಂಡರ್ ತಗೊಳ್ಳಿ. ಆಡಿದ ದಿನಕ್ಕೆ ಗುರುತು ಹಾಕಿ. ಅವತ್ತು ಕೈಯಲ್ಲಿ ಎಷ್ಟಿತ್ತು, ಕೆಲಸ ಇತ್ತಾ ಇಲ್ವಾ, ಅದನ್ನೂ ಬರೆಯಿರಿ. ಬೈಯಬೇಡಿ, ಸುಮ್ನೆ ಬರೆಯಿರಿ. ನಮ್ಮಲ್ಲಿ ಗುರುತು ಜಾಸ್ತಿ ಬಿದ್ದದ್ದು ಎರಡು ಕಡೆ. ಒಂದು ಜನವರಿ. ರಾಶಿ ಮುಗಿದು, ತೊಗರಿ ಕಲಬುರಗಿ ಎಪಿಎಂಸಿಗೆ ಹೋಗಿ, ವರ್ಷದ ದುಡ್ಡು ಒಂದೇ ಸಲ ಬರುವ ಹೊತ್ತು. ಇನ್ನೊಂದು ಏಪ್ರಿಲ್, ಮೇ. ಹೊಲದಲ್ಲಿ ಕೆಲಸ ಇಲ್ಲ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ, ಐಪಿಎಲ್ ಬೇರೆ.

ಜನವರಿಯಲ್ಲಿ ತೊಗರಿ ಮಾರುವ ದಿನ ನೀವೂ ಜೊತೆಗೆ ಹೋಗಿ. ದುಡ್ಡು ನಿಮ್ಮ ಖಾತೆಗೆ ಬರುವಂತೆ ಮೊದಲೇ ಮಾತಾಡಿಕೊಳ್ಳಿ. ಕದ್ದುಮುಚ್ಚಿ ಬೇಡ, ಅವರು ಸಮಾಧಾನವಾಗಿರುವ ಬೆಳಗ್ಗೆ ಕೇಳಿ ಒಪ್ಪಿಸಿ. ಬೀಜ, ಗೊಬ್ಬರ, ಶಾಲೆ ಫೀಸು ಅವತ್ತೇ ಬೇರೆ ತೆಗೆದಿಡಿ.

ಬೇಸಿಗೆಯದು ಕಷ್ಟ. ಆಗ ಆಡುವುದು ಸಾಲ ತೀರಿಸುವ ಆಸೆಗೆ. ನಾನು ಮಾಡಿದ ದೊಡ್ಡ ತಪ್ಪು, ಬಂಗಾರ ಅಡವಿಟ್ಟು ದುಡ್ಡನ್ನು ಅವರ ಕೈಗೇ ಕೊಟ್ಟದ್ದು. ಸಾಲ ಎಷ್ಟಿದೆ ಅಂತ ಪೂರ್ತಿ ಕೇಳಿ ಬರೆದುಕೊಳ್ಳಿ. ಕೊಡುವುದಿದ್ದರೆ ಸಾಲ ಕೊಟ್ಟವರ ಕೈಗೆ ನೀವೇ ಕೊಡಿ.

ಇನ್ನು ಲೆಕ್ಕ. ಒಂದು ಸಂಜೆ ಮೊರದಲ್ಲಿ ನೂರು ತೊಗರಿಕಾಳು ಎಣಿಸಿಟ್ಟೆ. ಒಂದಕ್ಕೆ ಕುಂಕುಮ ಹಚ್ಚಿದೆ, ನೂರರಲ್ಲಿ ಬರುವ ನಂಬರ್ ಅದೊಂದೇ ಅಂತ.

"ಸೊನ್ನೆ ಸೊನ್ನೆಯಿಂದ 99ರ ತನಕ ನೂರು ಜೋಡಿ. ಎಲ್ಲಾದಕ್ಕೂ ಹತ್ತತ್ತು ರೂಪಾಯಿ ಹಚ್ಚಿದ್ರ ಎಷ್ಟಾಯ್ತರಿ?"

"ಸಾವಿರ."

"ಬರೋದು?"

ನಮ್ಮೂರಲ್ಲಿ ಬರೆಸಿದ ಜೋಡಿ ಬಂದರೆ ರೂಪಾಯಿಗೆ 80 ಕೊಡುತ್ತಾರೆ. ಅವರು ಬಹಳ ಹೊತ್ತು ಮೊರ ನೋಡಿದರು. "ಎಂಟುನೂರು" ಅಂದರು. ಎಲ್ಲ ನಂಬರ್ ಬರೆಸಿದರೂ ಇನ್ನೂರು ಹೋಗುತ್ತೆ!

ಅಷ್ಟರಿಂದಲೇ ಚಟ ಬಿಡಲಿಲ್ಲ, ನಿಜ. 47 ಬರೆಸಿ 46 ಬಂದರೆ "ಸ್ವಲ್ಪದರಲ್ಲೇ ತಪ್ಪಿತು" ಅಂತ ಮರುದಿನ ಮತ್ತೆ ಓಡುತ್ತಿದ್ದರು. 46 ಬಂದರೂ 12 ಬಂದರೂ ಹೋದದ್ದು ಅಷ್ಟೇ ಅಲ್ವಾ? ಆದರೆ ಮನಸ್ಸಿಗೆ ಹಾಗೆ ಅನಿಸುವುದಿಲ್ಲ. ಇದು ಕೆಟ್ಟ ಬುದ್ಧಿಯಲ್ಲ, ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ದೀಪಾವಳಿ ಪಾಡ್ಯಕ್ಕೆ ಇಸ್ಪೀಟ್ ಆಡಿದರೆ ಲಕ್ಷ್ಮಿ ಬರುತ್ತಾಳೆ ಅನ್ನುವವರು ನಮ್ಮಲ್ಲಿ ತುಂಬ. ಬೇಡ ಅಂದರೆ ನಮ್ಮನೆಯವರು ಅಣ್ಣತಮ್ಮಂದಿರ ನಡುವೆ ಒಂಟಿಯಾಗುತ್ತಾರೆ. ಅದಕ್ಕೆ ಈಗ ಎಲ್ಲರನ್ನೂ ನಮ್ಮ ಕಟ್ಟೆಗೇ ಕರೆಯುತ್ತೇನೆ. ಚಹಾ, ಚೂಡಾ ನಾನು ಕೊಡುತ್ತೇನೆ. ದುಡ್ಡಿನ ಬದಲು ಹುಣಸೆ ಬೀಜ ಇಟ್ಟು ಆಡುತ್ತಾರೆ.