ಜಾಜ್ ವಾದನದಲ್ಲಿ ಡಾಕ್ಟರೇಟ್: ಅರ್ಜಿಯಿಂದ ಪ್ರಬಂಧದವರೆಗೆ

ಅಮೆರಿಕದಲ್ಲಿ ಜಾಜ್ ನುಡಿಸುವವರು ಮಾಡುವ ಡಾಕ್ಟರೇಟ್ ಸಾಮಾನ್ಯವಾಗಿ ಪಿಎಚ್.ಡಿ. ಅಲ್ಲ, ಡಿಎಂಎ, ಅಂದರೆ ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್. ಕ್ಲಬ್ಬಿನಲ್ಲಿ ನುಡಿಸಲು ಇದನ್ನು ಯಾರೂ ಕೇಳುವುದಿಲ್ಲ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸಕ್ಕೆ ಕೇಳುತ್ತಾರೆ. ಕೈ ಪಳಗಿಸಿಕೊಳ್ಳುವುದಷ್ಟೇ ಗುರಿಯಾದರೆ ಮಾಸ್ಟರ್ಸ್‌ಗೇ ನಿಲ್ಲಿಸುವುದು ಒಳ್ಳೆಯದು. ಡಿಎಂಎಯಲ್ಲಿ ಓದು, ಬರಹದ ಪಾಲು ಬಹಳ.

ಪ್ರವೇಶಕ್ಕೆ ಮಾಸ್ಟರ್ಸ್ ಪದವಿ ಬೇಕು. ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಗೀತ ಪರೀಕ್ಷಾ ಮಂಡಳಿಗಳ ಎಂಟನೇ ಗ್ರೇಡ್ ಪದವಿಯ ಲೆಕ್ಕಕ್ಕೆ ಬರುವುದಿಲ್ಲ. ಬೆಂಗಳೂರಿನಿಂದ ಅರ್ಜಿ ಹಾಕುವವರು ಎಡವುವುದು ಇಲ್ಲೇ. ನಿಮ್ಮದು ಮೂರು ವರ್ಷದ ಬಿ.ಎ. ಆಗಿದ್ದರೆ ಅದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಅರ್ಜಿ ಶುಲ್ಕ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ.

ಶಾಲೆಗಿಂತ ಮೊದಲು ಗುರುವನ್ನು ಹುಡುಕಿ. 1947ರಲ್ಲೇ ಜಾಜ್ ಪದವಿ ಶುರುಮಾಡಿದ ನಾರ್ತ್ ಟೆಕ್ಸಸ್, ಮಯಾಮಿಯ ಫ್ರಾಸ್ಟ್, ರಾಚೆಸ್ಟರ್‌ನ ಈಸ್ಟ್‌ಮನ್, ಇಲಿನಾಯ್ ಇವೆಲ್ಲ ದೊಡ್ಡ ಹೆಸರುಗಳೇ. ಆದರೆ ನಿಮ್ಮ ವಾದ್ಯಕ್ಕೆ ಆ ವರ್ಷ ಒಂದೇ ಸೀಟು ಇರಬಹುದು, ಇಲ್ಲದೆಯೂ ಇರಬಹುದು. ಆಗಸ್ಟ್–ಸೆಪ್ಟೆಂಬರ್‌ನಲ್ಲೇ ಪ್ರಾಧ್ಯಾಪಕರಿಗೆ ಬರೆಯಿರಿ, ಒಪ್ಪಿದರೆ ಆನ್‌ಲೈನ್‌ನಲ್ಲಿ ಒಂದು ಪಾಠ ತೆಗೆದುಕೊಳ್ಳಿ. ನಿವೃತ್ತಿಯ ಅಂಚಿನಲ್ಲಿರುವವರ ಹತ್ತಿರ ಸೇರಿದರೆ ಅರ್ಧದಾರಿಯಲ್ಲಿ ಗುರು ಬದಲಾಗುತ್ತಾರೆ.

ಹೆಚ್ಚಿನ ಕಡೆ ಅರ್ಜಿಯ ಗಡುವು ಡಿಸೆಂಬರ್ 1ರ ಆಸುಪಾಸು. ಅದರ ಜೊತೆಗೇ ಪ್ರೀಸ್ಕ್ರೀನಿಂಗ್ ವಿಡಿಯೊ ಕಳಿಸಬೇಕು, ಅದರಲ್ಲಿ ಪಾಸಾದವರಿಗೆ ಮಾತ್ರ ಜನವರಿ–ಫೆಬ್ರವರಿಯ ಆಡಿಷನ್. ಸಾಮಾನ್ಯವಾಗಿ ಕೇಳುವುದು: ಬೀಬಾಪ್ ಎಂಬ ವೇಗದ, ಜಟಿಲ ಜಾಜ್ ಶೈಲಿಯ ಒಂದು ಬ್ಲೂಸ್, ನಿಧಾನಗತಿಯ ಒಂದು ಬ್ಯಾಲಡ್, ಒಂದು ವೇಗದ ಸ್ವಿಂಗ್, ಸ್ವಂತ ರಚನೆ. ಡ್ರಮ್ಮರ್‌ಗಳು ಕೋಲಿನ ಬದಲು ಬ್ರಷ್ ಹಿಡಿದು ನುಡಿಸಿದ್ದನ್ನೂ ತೋರಿಸಬೇಕು. ಪ್ಲೇ-ಅಲಾಂಗ್ ಟ್ರ್ಯಾಕ್ (ಮೊದಲೇ ಧ್ವನಿಮುದ್ರಿಸಿದ ಪಕ್ಕವಾದ್ಯ) ನಡೆಯುತ್ತದೆ ಎಂದಿದ್ದರೂ ಬಾಸ್, ಡ್ರಮ್ಸ್ ನುಡಿಸುವವರನ್ನು ಕೂರಿಸಿಕೊಂಡೇ ರೆಕಾರ್ಡ್ ಮಾಡಿ. ಟ್ರ್ಯಾಕ್ ನಿಮ್ಮ ಮಾತಿಗೆ ಮರುಮಾತು ಕೊಡುವುದಿಲ್ಲ, ಕೇಳುವವರು ಹುಡುಕುವುದೇ ಆ ಸಂವಾದವನ್ನು. ಒಂದು ಕ್ಯಾಮೆರಾ, ಒಂದೇ ಟೇಕ್, ಎಡಿಟಿಂಗ್ ಬೇಡ, ಕೈಗಳು ಕಾಣಬೇಕು. ಸೋಲೊ ಎರಡು–ಮೂರು ಕೋರಸ್‌ಗೆ, ಅಂದರೆ ರಚನೆಯ ಎರಡು–ಮೂರು ಪೂರ್ತಿ ಸುತ್ತಿಗೆ, ಮುಗಿಯಲಿ. ಎಂಟು ಕೋರಸ್ ಎಳೆದರೆ ಮೂರನೆಯದರಿಂದಲೇ ಅದೇ ಪಟ್ಟುಗಳು ಮರುಕಳಿಸುವುದು ಬಯಲಾಗುತ್ತದೆ.

ಸೇರಿದ ಮೊದಲ ವಾರವೇ ಬರುವ ಪ್ಲೇಸ್‌ಮೆಂಟ್ ಪರೀಕ್ಷೆಗೆ ಬಹಳ ಜನ ತಯಾರಾಗಿರುವುದಿಲ್ಲ. ಜಾಜ್ ವಿದ್ಯಾರ್ಥಿಗೂ ನಾಲ್ಕು ಸ್ವರಪಂಕ್ತಿಯ (ನಾಲ್ಕು ದನಿಗಳು ಒಟ್ಟಿಗೆ ಸಾಗುವ) ಹಾರ್ಮನಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಇತಿಹಾಸ ಕೇಳುವ ಶಾಲೆಗಳಿವೆ. ಫೇಲಾದರೆ ರಿವ್ಯೂ ಕೋರ್ಸ್ ಕಟ್ಟಬೇಕು. ಅದರ ಕ್ರೆಡಿಟ್ ಸಾಮಾನ್ಯವಾಗಿ ಪದವಿಗೆ ಸೇರುವುದಿಲ್ಲ, ಸಮಯ ಮಾತ್ರ ಹೋಗುತ್ತದೆ.

ದುಡ್ಡಿನ ವಿಷಯ. ಅಸಿಸ್ಟೆಂಟ್‌ಶಿಪ್ (ವಿಶ್ವವಿದ್ಯಾಲಯದಲ್ಲಿ ಮಾಡುವ ಕೆಲಸಕ್ಕೆ ಬದಲಾಗಿ ಸಿಗುವ ಶುಲ್ಕ ವಿನಾಯಿತಿ, ಸ್ಟೈಪೆಂಡ್) ಇಲ್ಲದ ಸೀಟನ್ನು ಸಾಲ ಮಾಡಿ ಒಪ್ಪಬೇಡಿ. ಇದ್ದರೂ ಪತ್ರವನ್ನು ಸಾಲುಸಾಲಾಗಿ ಓದಿ: ಟ್ಯೂಷನ್ ಪೂರ್ತಿ ಮನ್ನಾವೋ ಅರ್ಧವೋ? ಆರೋಗ್ಯ ವಿಮೆ ಸೇರಿದೆಯೋ? ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು. ಅನುಮತಿಯಿಲ್ಲದೆ ಹೊರಗೆ ಸಂಭಾವನೆಗೆ ನುಡಿಸಿದರೆ ವೀಸಾಕ್ಕೇ ಕುತ್ತು.

ಕೋರ್ಸ್, ಸಂಗೀತ ಕಛೇರಿಗಳು, ಲಿಖಿತ ಹಾಗೂ ಮೌಖಿಕ ಪರೀಕ್ಷೆ ಮುಗಿಸಿದವರು ಕೊನೆಗೆ ಸಿಕ್ಕಿಕೊಳ್ಳುವುದು ಪ್ರಬಂಧದಲ್ಲಿ. ವಿಷಯ ಕಿರಿದಾಗಿರಲಿ. ‘ಜಾಜ್ ಮತ್ತು ಕೊನ್ನಕೋಲ್ (ಬಾಯಲ್ಲಿ ಹೇಳುವ ತಾಳದ ಜತಿಗಳು)’ ಎಂದರೆ ಮುಗಿಯುವುದೇ ಇಲ್ಲ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಮಾಡಿದ ಧ್ವನಿಮುದ್ರಣಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಸೋಲೊಗಳಲ್ಲಿ ತಾಳದ ಆವರ್ತಕ್ಕೆ ನುಡಿಗಟ್ಟು ಎಲ್ಲಿ ಕೂರುತ್ತದೆ ಎಂದು ನೋಡಿದರೆ ಕೈಗೆಟಕುತ್ತದೆ. ಕಲಾವಿದರ ಸಂದರ್ಶನ ಮಾಡುವುದಿದ್ದರೆ ಅದಕ್ಕೆ ಐಆರ್‌ಬಿ (ಮನುಷ್ಯರನ್ನು ಒಳಗೊಂಡ ಸಂಶೋಧನೆಯನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಸಮಿತಿ) ಅನುಮತಿ ಬೇಕೋ ಬೇಡವೋ ಎಂದು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಲಿಖಿತವಾಗಿ ಪಡೆಯಿರಿ. ಅನುಮತಿ ಬೇಕಿದ್ದೂ ಪಡೆಯದೆ ಮಾಡಿದ ಸಂದರ್ಶನವನ್ನು ಪ್ರಬಂಧದಲ್ಲಿ ಬಳಸಲು ಬಿಡದೇ ಹೋಗಬಹುದು. ಪೂರ್ತಿ ಸೋಲೊದ ಸ್ವರಲಿಪಿಯನ್ನು ಅಚ್ಚಿಸಲು ಹಕ್ಕುದಾರರ ಒಪ್ಪಿಗೆ ಕೇಳಬೇಕಾಗಬಹುದು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು, ಆ ಪತ್ರ ಪ್ರಬಂಧದ ಪ್ರಸ್ತಾವನೆ ಒಪ್ಪಿಗೆಯಾದ ವಾರದಲ್ಲೇ ಹೋಗಲಿ.