ಹಿತ್ತಲು ಮಾಡಿಸುವ ಮುಂಚೆ ಆ ಫಾರ್ಮ್ ತುಂಬಬೇಡಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೊಸದಾಗಿ ಬಂದು ಮನೆ ಕೊಂಡವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಒಂದು, ಒಳ್ಳೆಯ ದೋಸೆ ಹಿಟ್ಟು ಎಲ್ಲಿ ಸಿಗುತ್ತದೆ? ಎರಡು, ಹಿತ್ತಲು ಮಾಡಿಸಬೇಕು, ಯಾರಾದರೂ ಗೊತ್ತಾ? ಮೊದಲನೆಯದಕ್ಕೆ ನಿಂತಲ್ಲೇ ಉತ್ತರ ಕೊಡುತ್ತೇನೆ. ಎರಡನೆಯದಕ್ಕೆ ಕೂರಿಸಿಕೊಂಡು ಮಾತಾಡಬೇಕಾಗುತ್ತದೆ. ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಬಿಡುತ್ತಿದ್ದೇನೆ.

ನಾವು ಮನೆ ಕೊಂಡದ್ದು 2018ರಲ್ಲಿ. 1960ರ ದಶಕದ ಒಂದಂತಸ್ತಿನ ಮನೆ. ಹಿಂದೆ ಸಾಕಷ್ಟು ಜಾಗ, ಅದರ ತುಂಬ ಒಣಹುಲ್ಲು. ನಾಲ್ಕು ವರ್ಷ ಅದನ್ನು ಹಾಗೇ ಬಿಟ್ಟಿದ್ದೆವು. 2022ರಲ್ಲಿ ಯುಗಾದಿ ಏಪ್ರಿಲ್ 2, ಶನಿವಾರ ಬಿದ್ದಿತ್ತು. ನಾಲ್ಕು ಮನೆಯವರು ಊಟಕ್ಕೆ ಬಂದಿದ್ದರು. ಯಾರೋ ಹಿಂಬಾಗಿಲು ತೆಗೆದು ನೋಡಿ, "ಇನ್ನೂ ಏನೂ ಮಾಡಿಸಿಲ್ವಾ?" ಅಂದರು. ಅಷ್ಟೇ ಸಾಕಾಯಿತು. ಮರುದಿನ ರಾತ್ರಿ ಮಿಕ್ಕ ಒಬ್ಬಟ್ಟು ತಿನ್ನುತ್ತಾ ಫೋನಿನಲ್ಲಿ ಹುಡುಕಿದೆ. "ನಿಮ್ಮ ಹತ್ತಿರದ ಲ್ಯಾಂಡ್‌ಸ್ಕೇಪರ್‌ಗಳು, ಪೂರ್ತಿ ಉಚಿತ" ಅಂತ ಒಂದು ಸೈಟ್ ಬಂತು. ಹೆಸರು, ವಿಳಾಸ, ನಂಬರ್ ತುಂಬಿ ಒತ್ತಿದೆ. ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಓದಲಿಲ್ಲ. ನೀವು ಓದುತ್ತೀರಾ?

ಕೈಗಂಟಿದ ತುಪ್ಪ ಒರೆಸಿಕೊಳ್ಳುವ ಮೊದಲೇ ಫೋನ್ ಹೊಡೆದುಕೊಂಡಿತು. ಭಾನುವಾರ ರಾತ್ರಿ ಒಂಬತ್ತೂಮುಕ್ಕಾಲಿಗೆ! ಸೋಮವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕರೆ. ಅದರಲ್ಲಿ ಇಬ್ಬರು ಮಾತ್ರ ತೋಟದ ಕೆಲಸದವರು. ಉಳಿದವರು ಚಾವಣಿ, ಕಿಟಕಿ, ಸೋಲಾರ್. ಆ ಸಣ್ಣ ಅಕ್ಷರದಲ್ಲಿ ಇದ್ದದ್ದು ಇಷ್ಟೇ: ನಾವು ಮತ್ತು ನಮ್ಮ ಪಾಲುದಾರರು ನಿಮಗೆ ಕರೆ ಮಾಡಬಹುದು. ಮಾರಾಟದ ಕರೆ ಬೇಡ ಅನ್ನುವವರ ಡು ನಾಟ್ ಕಾಲ್ ಪಟ್ಟಿಯಲ್ಲಿ ನನ್ನ ನಂಬರ್ ಇತ್ತು. ಆದರೆ ನೀವೇ ಒಪ್ಪಿಗೆ ಕೊಟ್ಟ ಮೇಲೆ ಆ ಪಟ್ಟಿ ಏನೂ ಮಾಡುವುದಿಲ್ಲ.

ಅಮೆರಿಕದವರಿಗೆ ಇದು ಬರೀ ಕಿರಿಕಿರಿ. ನಮಗೆ ಹಾಗಲ್ಲ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರು ಗೊತ್ತಿಲ್ಲದ ನಂಬರ್ ಬಂದರೂ ಎತ್ತುತ್ತಾರೆ. ರಾತ್ರಿ ಬಂದರಂತೂ ಎದೆ ಹಿಡಿದುಕೊಂಡೇ ಎತ್ತುತ್ತಾರೆ. ಎರಡು ತಿಂಗಳು ಹೀಗೇ ಎತ್ತಿದೆ. ಆಮೇಲೆ ಸಾಕಾಗಿ, ಗೊತ್ತಿಲ್ಲದ ನಂಬರುಗಳೆಲ್ಲ ಸದ್ದಿಲ್ಲದೆ ಹೋಗುವಂತೆ ಫೋನಿನಲ್ಲಿ ಒಂದು ಬಟನ್ ಒತ್ತಿದೆ. ಜುಲೈನಲ್ಲಿ ಅಮ್ಮ ತೀರ್ಥಹಳ್ಳಿ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ತಮ್ಮನ ಫೋನ್ ಚಾರ್ಜ್ ಮುಗಿದಿತ್ತು. ಆಸ್ಪತ್ರೆಯಲ್ಲಿ ಯಾರದೋ ಮೊಬೈಲ್ ಇಸಿದುಕೊಂಡು ಮೂರು ಸಲ ಮಾಡಿದ್ದಾನೆ. ನನಗೆ ಗೊತ್ತಾದದ್ದು ಆರು ಗಂಟೆ ತಡವಾಗಿ. ಅಮ್ಮ ಸುಧಾರಿಸಿಕೊಂಡರು. ಆ ಬಟನ್ ತೆಗೆದೆ. ಕರೆಗಳು ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತವೆ.

ಈ ಸೈಟುಗಳು ಹೇಗೆ ನಡೆಯುತ್ತವೆ ಅಂತ ಹೇಳುತ್ತೇನೆ. ನೀವು ತುಂಬಿದ ಫಾರ್ಮ್‌ಗೆ ಅವರ ಭಾಷೆಯಲ್ಲಿ ಲೀಡ್ ಅನ್ನುತ್ತಾರೆ. ಅದನ್ನು ಒಂದೇ ಹೊತ್ತಿಗೆ ಮೂರು ನಾಲ್ಕು ಕೆಲಸದವರಿಗೆ ಮಾರುತ್ತಾರೆ. ಕೆಲಸ ಸಿಗಲಿ ಬಿಡಲಿ, ಅವರು ದುಡ್ಡು ಕಟ್ಟಬೇಕು. ಅದಕ್ಕೇ ಆ ರಾತ್ರಿಯ ಅವಸರ, ಮೊದಲು ಮಾತಾಡಿದವನಿಗೆ ಕೆಲಸ ಸಿಗುವ ಸಾಧ್ಯತೆ ಜಾಸ್ತಿ. ನಾನು ಗಿರಾಕಿ ಅಂದುಕೊಂಡು ಸಂತೆಗೆ ಹೋಗಿದ್ದೆ. ಅಲ್ಲಿ ಗೂಟಕ್ಕೆ ಕಟ್ಟಿದ್ದ ಕುರಿಯೇ ನಾನು.

ಕೆಲಸದವರೂ ಇದರಲ್ಲಿ ಸುಖವಾಗಿಲ್ಲ. ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2022ರ ಮಾರ್ಚ್‌ನಲ್ಲಿ ಇಂಥದೇ ಸೈಟ್ ಆದ ಹೋಮ್‌ಅಡ್ವೈಸರ್ ಮೇಲೆ ದೂರು ಹಾಕಿತ್ತು. ಲೀಡ್‌ಗಳ ಗುಣಮಟ್ಟದ ಬಗ್ಗೆ ಕೆಲಸದವರಿಗೆ ತಪ್ಪು ಮಾಹಿತಿ ಕೊಟ್ಟು ಮಾರಿದ್ದಾರೆ ಅಂತ ಅದರ ಆರೋಪ. 2023ರಲ್ಲಿ ಆ ಕಂಪನಿ 72 ಲಕ್ಷ ಡಾಲರ್‌ವರೆಗೆ ಕೊಡಬೇಕೆಂದು ಆದೇಶವಾಯಿತು. ನಾನು ಫಾರ್ಮ್ ತುಂಬಿದ್ದು ಅಲ್ಲಲ್ಲ, ಬೇರೆ ಕಡೆ. ಈ ಸುದ್ದಿ ಆಗ ಓದಿದ್ದರೂ ತುಂಬುತ್ತಿದ್ದೆನೇನೋ. ಯಾಕೆಂದರೆ ನನಗೆ ಬೇಕಾಗಿದ್ದದ್ದು ಯಾರನ್ನೂ ಕೇಳದೆ ಕೆಲಸ ಆಗುವುದು.

ಊರಲ್ಲಿ ಹೀಗೆ ಮಾಡುತ್ತಿದ್ದೆವಾ? ಗಾರೆಯವನು ಬೇಕಾದರೆ ಹಾಲಿನವನನ್ನು ಕೇಳುತ್ತಿದ್ದೆವು. ಹಾಲಿನವನಿಗೆ ಗೊತ್ತಿಲ್ಲದಿದ್ದರೆ ಅಂಗಡಿ ಶೆಟ್ಟರು. ಬಂದವನ ಅಪ್ಪ ಯಾರು, ಹೋದ ವರ್ಷ ಯಾರ ಮನೆಯ ಕೆಲಸ ಅರ್ಧಕ್ಕೆ ಬಿಟ್ಟ, ಎಲ್ಲ ಗೊತ್ತಿರುತ್ತಿತ್ತು. ಇಲ್ಲಿ ಬಂದ ಮೇಲೆ ಪಕ್ಕದ ಮನೆಯ ಬಾಗಿಲು ತಟ್ಟುವುದಕ್ಕೆ ಅದೇನೋ ಸಂಕೋಚ. ಅವರೇನಂದುಕೊಳ್ಳುತ್ತಾರೋ, ನನ್ನ ಇಂಗ್ಲಿಷ್ ಉಚ್ಚಾರಣೆ ಹೇಗೋ. ಸೈಟಿನ ಮುಂದೆ ಸಂಕೋಚ ಬೇಕಿಲ್ಲ ಅಲ್ವಾ.

ಬಂದ ಇಬ್ಬರಲ್ಲಿ ಒಬ್ಬ ಬಹಳ ಚೆನ್ನಾಗಿ ಮಾತಾಡಿದ. ಸೈಟಿನಲ್ಲಿ ಅವನ ಹೆಸರಿನ ಪಕ್ಕ ಹಸಿರು ಟಿಕ್ ಮಾರ್ಕ್ ಇತ್ತು. ಹಿಂದೆ ಪೇವರ್ ಕಲ್ಲು ಹಾಸಿದ ಅಂಗಳ, ಸುತ್ತ ಗಿಡ, ಡ್ರಿಪ್, ಎಲ್ಲ ಸೇರಿ 18,500 ಡಾಲರ್ ಅಂದ. ನಾನು ಊರಿನ ಅಭ್ಯಾಸದಂತೆ ಚೌಕಾಸಿ ಮಾಡಿ 18,000ಕ್ಕೆ ಇಳಿಸಿ ಗೆದ್ದೆ ಅಂದುಕೊಂಡೆ. ಸಾಮಾನು ತರಬೇಕು, ಅರ್ಧ ಅಡ್ವಾನ್ಸ್ ಅಂದ. ಅದೂ ಊರಿನ ಮಾತಿನ ಹಾಗೇ ಕೇಳಿಸಿತು. ಕಾಫಿ ಕೊಟ್ಟು 9,000 ಡಾಲರ್ ಚೆಕ್ ಬರೆದೆ.

ಇಲ್ಲಿ ಸ್ವಲ್ಪ ನಿಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೆಲಸಕ್ಕೆ ತೆಗೆದುಕೊಳ್ಳಬಹುದಾದ ಅಡ್ವಾನ್ಸ್ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಆಮೇಲಿನ ದುಡ್ಡು ಕೆಲಸ ಆದಷ್ಟಕ್ಕೆ, ಬಂದ ಸಾಮಾನಿಗೆ. ಅರ್ಧ ಕೇಳಿದವನಿಗೆ ಕಾನೂನು ಗೊತ್ತಿಲ್ಲ ಅಂತಲ್ಲ. ನಿಮಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತು.

ಲೈಸೆನ್ಸ್ ನಂಬರ್ ಕೊಟ್ಟಿದ್ದ. ರಾಜ್ಯದ ಕಾಂಟ್ರಾಕ್ಟರ್ಸ್ ಬೋರ್ಡ್, ಅಂದರೆ ಸಿಎಸ್ಎಲ್‌ಬಿ ಸೈಟಿನಲ್ಲಿ ಅದನ್ನು ಹಾಕಿ ನೋಡಲು ಒಂದು ನಿಮಿಷ ಸಾಕು. ನಾನು ನೋಡಿದ್ದು ಎಲ್ಲ ಹಾಳಾದ ಮೇಲೆ. ಲೈಸೆನ್ಸ್ ನಿಜವೇ. ಆದರೆ ಅದು ಸಿ-33. ಲ್ಯಾಂಡ್‌ಸ್ಕೇಪರ್‌ಗೆ ಇರಬೇಕಾದದ್ದು ಸಿ-27. ಸಿ-33 ಅಂದರೆ ಬಣ್ಣ ಬಳಿಯುವವನು. ಹಸಿರು ಟಿಕ್ ಮಾರ್ಕ್ ಅದನ್ನು ಹೇಳಿರಲಿಲ್ಲ. 2025ರ ಜನವರಿಯಿಂದ 1,000 ಡಾಲರ್‌ಗಿಂತ ಕಡಿಮೆಯ, ಪರ್ಮಿಟ್ ಬೇಡದ, ಒಬ್ಬನೇ ಮಾಡುವ ಕೆಲಸಕ್ಕೆ ಲೈಸೆನ್ಸ್ ಬೇಡ. ಹುಲ್ಲು ಕತ್ತರಿಸಲು ಬರುವವರನ್ನು ಹಿಡಿದು ಲೈಸೆನ್ಸ್ ಕೇಳಬೇಡಿ, ಪಾಪ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಕರಾರು ಬರವಣಿಗೆಯಲ್ಲಿರಲಿ. ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ ಇದ್ದರೆ ಮೊದಲು ಅವರ ಒಪ್ಪಿಗೆ. ಅಗೆಯುವ ಎರಡು ಕೆಲಸದ ದಿನ ಮುಂಚೆ, ನೆಲದಡಿಯ ಪೈಪು, ತಂತಿ ಗುರುತು ಮಾಡಿಸುವ 811 ನಂಬರಿಗೆ ತಿಳಿಸಬೇಕು, ಪುಕ್ಕಟೆ. ಹುಲ್ಲು ತೆಗೆಸುವುದಕ್ಕೆ ನೀರು ಸರಬರಾಜು ಮಾಡುವವರ ರಿಬೇಟ್ ಬೇಕಾದರೆ ತೆಗೆಯುವ ಮುಂಚೆಯೇ ಅರ್ಜಿ ಹಾಕಿ.

ಇನ್ನು ನನ್ನ ಅತಿ ದೊಡ್ಡ ದಡ್ಡತನ. ಮೇ ತಿಂಗಳಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಲಕೋಟೆ ಬಂತು. ಯಾವುದೋ ಕಲ್ಲಿನ ಅಂಗಡಿಯ ಹೆಸರು. ಒಳಗೆ ಪ್ರಿಲಿಮಿನರಿ ನೋಟಿಸ್ ಅಂತ ಇತ್ತು. ನಾನು ಆ ಅಂಗಡಿಗೆ ಹೋದವನೇ ಅಲ್ಲ, ಜಾಹೀರಾತು ಇರಬೇಕು ಅಂತ ರೀಸೈಕ್ಲಿಂಗ್ ಡಬ್ಬಿಗೆ ಹಾಕಿದೆ. ಪೇವರ್ ಕೊಟ್ಟವರು ಅವರೇ. ನಮ್ಮ ಬಣ್ಣ ಬಳಿಯುವವನು ನನ್ನ ದುಡ್ಡು ತಗೊಂಡು ಅವರಿಗೆ ಕಟ್ಟಿರಲಿಲ್ಲ. ಇಲ್ಲಿನ ಕಾನೂನಿನಲ್ಲಿ ಸಾಮಾನು ಕೊಟ್ಟವನಿಗೆ ದುಡ್ಡು ಬರದಿದ್ದರೆ ಅವನು ನಿಮ್ಮ ಮನೆಯ ಮೇಲೇ ಮೆಕ್ಯಾನಿಕ್ಸ್ ಲೀನ್, ಅಂದರೆ ಬಾಕಿಗಾಗಿ ಮನೆಯ ಮೇಲೆ ಹಕ್ಕು, ಹಾಕಬಹುದು. ನೀವು ಪೂರ್ತಿ ಕೊಟ್ಟಿದ್ದರೂ ಸರಿ. ಹಾಕಿದರು. 4,300 ಡಾಲರ್. ಎರಡನೇ ಸಲ ಕಟ್ಟಿದೆ. ಕಾಂಟ್ರಾಕ್ಟರ್‌ಗೆ ಜಾಮೀನು ನಿಂತ ಬಾಂಡ್ ಕಂಪನಿಗೆ ಅರ್ಜಿ ಹಾಕಿ, ಅಲೆದು, ಎಂಟು ತಿಂಗಳ ಮೇಲೆ ಅದರಲ್ಲಿ ಸ್ವಲ್ಪ ವಾಪಸ್ ಬಂತು.

ಆ ನೋಟಿಸ್ ಬಂದರೆ ಗಾಬರಿ ಬೇಡ, ಬಿಸಾಡಲೂ ಬೇಡ. ಇಂಥವರು ನಿಮ್ಮ ಮನೆಗೆ ಸಾಮಾನು ಕೊಟ್ಟಿದ್ದಾರೆ ಅಂತ ಅದು ನಿಮಗೆ ಹೇಳುತ್ತಿದೆ, ಅಷ್ಟೇ. ಮುಂದಿನ ಕಂತಿನ ಚೆಕ್ ಕಾಂಟ್ರಾಕ್ಟರ್ ಮತ್ತು ಆ ಅಂಗಡಿ, ಇಬ್ಬರ ಹೆಸರಿಗೂ ಸೇರಿಸಿ ಬರೆಯಿರಿ. ಕೊನೆಯ ಕಂತಿಗೆ ಮುಂಚೆ ಅಂಗಡಿಯಿಂದ ಲೀನ್ ವೇವರ್, ಅಂದರೆ ಆ ಹಕ್ಕು ಬಿಟ್ಟುಕೊಟ್ಟ ಪತ್ರ, ತರಿಸಿಕೊಳ್ಳಿ. ಕೇಳಿದರೆ ಅವನಿಗೆ ಬೇಜಾರಾಗುತ್ತದೆ ಅಂತ ನಮಗೆ ಅನ್ನಿಸುತ್ತದೆ. ಆಗಲಿ.

ಅಂಗಳ ನೋಡಲು ಮಾತ್ರ ಬಹಳ ಚೆನ್ನಾಗಿತ್ತು. ಅಮ್ಮ ಜಾರಿ ಬೀಳುವ ಮುಂಚೆ ಒಂದು ದಿನ ಅವರಿಗೆ ವಿಡಿಯೋದಲ್ಲಿ ತೋರಿಸಿದ್ದೆ. ಅವರು ಕಲ್ಲು ನೋಡಲಿಲ್ಲ, ಬಣ್ಣ ನೋಡಲಿಲ್ಲ. "ನೀರು ಎಲ್ಲಿಗ್ ಹೋಗತ್ತೆ?" ಅಂದರು. ನಾನು ನಕ್ಕು, "ಇಲ್ಲಿ ಮಳೆನೇ ಇಲ್ಲಮ್ಮ" ಅಂದೆ. ಮೂರನೇ ವರ್ಷದ ಬರ ನಡೆಯುತ್ತಿತ್ತು, ಸುಳ್ಳೇನಲ್ಲ. ಮಗಳಿಗೆ ಆಗ ಆರು ವರ್ಷ. ಅಲ್ಲಿ ಚೆಂಡು ಆಡುವಾಗ, ಎಲ್ಲಿ ಬಿಟ್ಟರೂ ಅದು ಉರುಳಿ ಉರುಳಿ ಮನೆಯ ಗೋಡೆಗೇ ಬರುತ್ತಿತ್ತು. "ಬಾಲ್‌ಗೆ ಮನೆ ಇಷ್ಟ ಅಪ್ಪಾ" ಅನ್ನುತ್ತಿದ್ದಳು. ಅದನ್ನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿ ನಕ್ಕಿದ್ದೆವು.

2022ರ ಡಿಸೆಂಬರ್ 31ರಂದು ನಮ್ಮ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಸುರಿದ ಮಳೆ ಹಳಬರಿಗೆಲ್ಲ ನೆನಪಿದೆ. ಮಧ್ಯಾಹ್ನ ಹಿಂಬಾಗಿಲ ಗಾಜಿನ ಹತ್ತಿರ ನಿಂತು ನೋಡುತ್ತಿದ್ದೆ. ಅಂಗಳದ ನೀರೆಲ್ಲ ಆ ಚೆಂಡಿನ ಹಾಗೇ ನಿಧಾನವಾಗಿ ಗೋಡೆ ಕಡೆ ಬಂತು. ಹೊಸಿಲ ಮಟ್ಟಕ್ಕೆ ಏರಿತು. ಆಮೇಲೆ ನೆಲದಡಿಯ ಕ್ರಾಲ್ ಸ್ಪೇಸ್‌ಗೆ ಇಳಿಯಿತು. ಹೊಸ ವರ್ಷ ಬರುವಾಗ ನಾನು, ಹೆಂಡತಿ ಬಕೆಟ್ ಹಿಡಿದಿದ್ದೆವು. ಆಗುಂಬೆ ಮಳೆಯ ಪಕ್ಕದಲ್ಲಿ ಬೆಳೆದವನು ನಾನು. ಮಳೆಗಾಲಕ್ಕೆ ಮುಂಚೆ ಅಪ್ಪ ಹಾರೆ ಹಿಡಿದು ಮನೆಯ ಸುತ್ತ ಚರಂಡಿ ಕಡಿಯುವಾಗ ಮಣ್ಣು ಎಳೆದು ಹಾಕಿದವನು. ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದೇ ಮರೆತು ಹೋಗಿತ್ತು. ಇಪ್ಪತ್ತು ವರ್ಷದಲ್ಲಿ ಏನೇನು ಹೀಗೆ ಮರೆತಿದ್ದೇನೋ, ಪಟ್ಟಿ ಮಾಡಲು ಹೋಗಿಲ್ಲ.

ಅಂಗಳದ ಇಳಿಜಾರು ಮನೆಯಿಂದ ಆಚೆಗಿರಬೇಕು, ಎಂಟು ಅಡಿಗೆ ಎರಡು ಇಂಚು. ಕರಾರಿನಲ್ಲಿ ಬರೆಸಿ. ಕಲ್ಲು ಕೂರಿಸುವ ಮುಂಚೆ, ಮಣ್ಣು ತಟ್ಟಿದಾಗಲೇ ದಾರ ಕಟ್ಟಿ ಅಳೆದು ನೋಡಿ. ಇಲ್ಲಿ ಹೆಚ್ಚಿನ ಕಡೆ ಜಿಗುಟು ಮಣ್ಣು, ನೀರನ್ನು ಬೇಗ ಕುಡಿಯುವುದಿಲ್ಲ.

ಜನವರಿ 2ನೇ ತಾರೀಕು ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಅಜೋರ್ಸ್ ದ್ವೀಪದಿಂದ ಚಿಕ್ಕಂದಿನಲ್ಲಿ ಬಂದ ಪೋರ್ಚುಗೀಸ್ ಮನೆತನ. ಕೈಯಲ್ಲಿ ಒಂದು ಚೀಲ ನಿಂಬೆಹಣ್ಣು. ಬೇಲಿ ಮೇಲಿಂದ ನಮ್ಮ ಬಕೆಟ್ ಮೆರವಣಿಗೆ ನೋಡಿದ್ದರು. "ನಿಮಗೆ ಮಾತಾಡುವುದು ಇಷ್ಟವಿಲ್ಲ ಅಂದುಕೊಂಡಿದ್ದೆ, ಅದಕ್ಕೇ ಇಷ್ಟು ವರ್ಷ ಬರಲಿಲ್ಲ" ಅಂದರು. ಅವರೂ ಸಂಕೋಚದಲ್ಲೇ ಇದ್ದರಂತೆ! ಅವರ ಮನೆಗೆ ಪ್ರತಿ ಗುರುವಾರ ಬರುವ ತೋಟದವರನ್ನು ನಾಲ್ಕು ವರ್ಷದಿಂದ ನಾನೂ ನೋಡುತ್ತಿದ್ದೆ. ಹಳೆಯ ಬಿಳಿ ಟ್ರಕ್, ಯಾವ ಹಸಿರು ಟಿಕ್ ಮಾರ್ಕೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನದು ಬೇಲಿಯಾಚೆಯ ಗಿಡ.

ಆ ತೋಟದವರು ಮೆಕ್ಸಿಕೋದ ಮಿಚೊಕಾನ್ ಕಡೆಯವರು. ಸಿ-27 ಇದೆ, ಈ ಸಲ ಮೊದಲೇ ನೋಡಿದೆ. ಒಂದು ಕಾಲದಲ್ಲಿ ಅವರೂ ಎಂಟು ತಿಂಗಳು ಲೀಡ್ ಕೊಂಡಿದ್ದರಂತೆ. "ಹತ್ತು ಕೊಂಡರೆ ಒಂದು ಕೆಲಸ. ಆ ಒಂಬತ್ತರ ದುಡ್ಡು ಯಾರ ಹತ್ತಿರ ತಗೊಳ್ಳಲಿ?" ಅಂತ ನನ್ನತ್ತ ಬೆರಳು ತೋರಿಸಿ ನಕ್ಕರು. ಪೇವರ್ ಎಲ್ಲ ಕಿತ್ತು, ಮಣ್ಣು ಸರಿ ಮಾಡಿ, ಅದೇ ಕಲ್ಲು ಮತ್ತೆ ಕೂರಿಸಿದರು. ಅಡ್ವಾನ್ಸ್ 600 ಡಾಲರ್ ಕೇಳಿದರು.

ಈಗ ಒಂದು ಮೂಲೆಯಲ್ಲಿ ದಾಸವಾಳ, ಇನ್ನೊಂದು ಕಡೆ ಮಲ್ಲಿಗೆ. ಕರಿಬೇವು ಕುಂಡದಲ್ಲಿದೆ, ನರ್ಸರಿಯಿಂದ ತಂದದ್ದು. ದಯವಿಟ್ಟು ಊರಿಂದ ಸೂಟ್‌ಕೇಸಿನಲ್ಲಿ ಕಡ್ಡಿ ತರಬೇಡಿ. ಬೇರೆ ಕೌಂಟಿಯ, ಅಂದರೆ ಬೇರೆ ಜಿಲ್ಲೆಯ, ಸ್ನೇಹಿತರ ಮನೆಯಿಂದಲೂ ವಿಚಾರಿಸದೆ ತರಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಹುಳಕ್ಕೆ ಕರಿಬೇವೂ ಬಹಳ ಇಷ್ಟ, ಅದಕ್ಕೇ ನಿರ್ಬಂಧ. ಅಜ್ಜಿಯ ನಿಂಬೆಮರ ನಮ್ಮ ಕುಂಡಕ್ಕೆ ಹತ್ತೇ ಅಡಿ. ಮಗಳು ಹಿಂದಿನ ಜಾಗಕ್ಕೆ ಬ್ಯಾಕ್‌ಯಾರ್ಡ್ ಅನ್ನುತ್ತಾಳೆ, ಕರಿಬೇವಿನ ಕುಂಡ ಇರುವ ಮೂಲೆಗೆ ಮಾತ್ರ ಹಿತ್ತಲು ಅನ್ನುತ್ತಾಳೆ. ಯಾಕೆ ಅಂತ ಕೇಳಿದರೆ, "ತೀರ್ಥಹಳ್ಳಿ ಅಜ್ಜಿ ಫೋನಲ್ಲಿ ನೋಡೋದು ಅಷ್ಟೇ ಅಲ್ವಾ" ಅಂದಳು.

ತೋಟದವರ ನಂಬರ್ ಬೇಕು ಅಂತ ಬಹಳ ಜನ ಮೆಸೇಜ್ ಮಾಡುತ್ತೀರಿ. ಹಾಗೆ ಹಂಚಲು ಅವರು ಒಪ್ಪುವುದಿಲ್ಲ, ನಂಬರ್ ಹಂಚುವುದು ಅಂದರೆ ನನಗೂ ಈಗ ಹೆದರಿಕೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಟ್ರಕ್ ನಮ್ಮ ಬೀದಿಯಲ್ಲೇ ಇರುತ್ತದೆ. ಬನ್ನಿ, ಪರಿಚಯ ಮಾಡಿಸುತ್ತೇನೆ. ಕಾಫಿ ಕುಡಿದು ಹೋಗಿ.