ವಸಡಿನಲ್ಲಿ ರಕ್ತ: ವಿಟಮಿನ್ ಮಾತ್ರೆಗಿಂತ ಮೊದಲು ಆಗಬೇಕಾದ ಕೆಲಸ

ಹಲ್ಲುಜ್ಜಿ ಉಗುಳಿದ ನೊರೆಯಲ್ಲಿ ಕೆಂಪು ಗೆರೆ ಕಂಡರೆ ಹೆಚ್ಚಿನವರು ಆ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಬಿಡುತ್ತಾರೆ, ಮೆಡಿಕಲ್ ಶಾಪಿನಿಂದ ವಿಟಮಿನ್ ಸಿ ಮಾತ್ರೆ ತರುತ್ತಾರೆ. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಿಂದ ಆಗುವ ಉಪಯೋಗ ಕಡಿಮೆ.

ಹಲ್ಲು–ವಸಡಿನ ಸಂದಿಯಲ್ಲಿ ಪ್ಲಾಕ್ ಎಂಬ ಬ್ಯಾಕ್ಟೀರಿಯಾದ ಅಂಟು ಪದರ ಕಟ್ಟಿದಾಗ ಅದರ ಬ್ಯಾಕ್ಟೀರಿಯಾ ಕೊಲ್ಲಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಅವು ಆಮ್ಲಜನಕದಿಂದ ಸೂಪರ್‌ಆಕ್ಸೈಡ್, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಕೊನೆಗೆ ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತವೆ. ಬಟ್ಟೆಯ ಬ್ಲೀಚಿನಲ್ಲಿ ಕೆಲಸ ಮಾಡುವುದೂ ಇದೇ ಆಮ್ಲ. ಬ್ಯಾಕ್ಟೀರಿಯಾದ ಜೊತೆಗೆ ವಸಡನ್ನು ಕಟ್ಟಿಹಿಡಿಯುವ ನಮ್ಮದೇ ಕಾಲಜನ್ ಎಂಬ ನಾರೂ ಇದರಿಂದ ಸುಡುತ್ತದೆ, ಹಲ್ಲು ಹಿಡಿದಿರುವ ಮೂಳೆ ಕರಗುವುದಕ್ಕೂ ಇದು ಕಾರಣವಾಗುತ್ತದೆ. ಜೊಲ್ಲಿನ ಯೂರಿಕ್ ಆಮ್ಲ, ಕೋಶಗಳ ಗ್ಲುಟಾಥಯೋನ್, ಊಟದ ವಿಟಮಿನ್ ಸಿ ಈ ಬೆಂಕಿಯನ್ನು ತಡೆಯುವ ಆಂಟಿಆಕ್ಸಿಡೆಂಟ್‌ಗಳು. ಪ್ಲಾಕ್ ಅಲ್ಲೇ ಕೂತಿದ್ದರೆ ಕಣಗಳು ಬರುತ್ತಲೇ ಇರುತ್ತವೆ, ಎಷ್ಟು ಮಾತ್ರೆ ನುಂಗಿದರೂ ಸಾಲದು.

ಆದ್ದರಿಂದ ಮೊದಲು ಸ್ವಚ್ಛತೆ. ಮೆತ್ತನೆಯ ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಎಳೆಗಳ ತುದಿ ಸಂದಿಯೊಳಗೆ ಇಳಿಯುವಂತೆ ಸಣ್ಣಗೆ ಅಲುಗಿಸಿ. ದಿನಕ್ಕೆ 2 ಸಲ, ಪ್ರತಿ ಸಲ 2 ನಿಮಿಷ. ಹಲ್ಲುಗಳ ನಡುವೆ ಬ್ರಶ್ ತಲುಪುವುದಿಲ್ಲ, ರೋಗ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಅಲ್ಲಿಗೆ ಇಂಟರ್‌ಡೆಂಟಲ್ ಬ್ರಶ್ ಬೇಕು: ಎಳೆಗಳು ಸಂದಿಗೆ ತುಂಬಿಕೊಳ್ಳಬೇಕು, ಒಳಗಿನ ತಂತಿ ಹಲ್ಲಿಗೆ ಕೆರೆಯಬಾರದು. ಮೊದಲ ಕೆಲವು ದಿನ ರಕ್ತ ಬಂದೇ ಬರುತ್ತದೆ. ನಿಲ್ಲಿಸಬೇಡಿ.

ಪ್ಲಾಕ್ ಗಟ್ಟಿಯಾಗಿ ಗಾರೆಯಾದರೆ ಬ್ರಶ್ಶಿಗೆ ಬಗ್ಗದು, ಅದನ್ನು ಕೆರೆದು ತೆಗೆಯಲು ದಂತವೈದ್ಯರಲ್ಲಿ ಸ್ಕೇಲಿಂಗ್ ಆಗಬೇಕು. ಹಲ್ಲು–ವಸಡಿನ ಸಂದಿಯ ಆಳ 3 ಮಿ.ಮೀ. ಒಳಗಿದ್ದರೆ ಸಹಜ. 4 ಮಿ.ಮೀ. ದಾಟಿ ರಕ್ತವೂ ಬರುತ್ತಿದ್ದರೆ ಬೇರಿನವರೆಗೆ ಶುಚಿ ಮಾಡಿಸಿಕೊಳ್ಳಬೇಕಾಗುತ್ತದೆ.

ಎಲೆ–ಅಡಿಕೆ ಹಾಕುವವರು ಇದನ್ನು ಗಮನಿಸಲೇಬೇಕು. ಅಡಿಕೆಯ ಪಾಲಿಫಿನಾಲ್ ಎಂಬ ಒಗರಿನ ಅಂಶಗಳು ತಾವಾಗಿ ಆಂಟಿಆಕ್ಸಿಡೆಂಟ್‌ಗಳೇ. ಆದರೆ ಸುಣ್ಣ ಬೆರೆತು ಬಾಯಿಯ ಕ್ಷಾರ ಏರಿದೊಡನೆ ಅವು ತಾವೇ ಆಮ್ಲಜನಕದೊಡನೆ ವರ್ತಿಸಿ ಸೂಪರ್‌ಆಕ್ಸೈಡ್, ಪೆರಾಕ್ಸೈಡ್ ಉಗುಳತೊಡಗುತ್ತವೆ. ಕವಳ ದವಡೆಯಲ್ಲಿ ಕೂತಷ್ಟು ಹೊತ್ತೂ ಪಕ್ಕದ ವಸಡಿನ ಮೇಲೆ ಇದು ನಡೆಯುತ್ತಿರುತ್ತದೆ. ಸಿಗರೇಟಿನದು ಇನ್ನೊಂದು ಮೋಸ: ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವವನ್ನೇ ಮರೆಮಾಡುತ್ತದೆ, ಒಳಗೆ ಮೂಳೆ ಕರಗುತ್ತಿದ್ದರೂ ವಸಡು ಚೆನ್ನಾಗಿರುವಂತೆ ಕಾಣುತ್ತದೆ.

ಊಟದ ವಿಷಯಕ್ಕೆ ಬಂದರೆ, ದಿನಕ್ಕೆ ವಿಟಮಿನ್ ಸಿ ಗಂಡಸರಿಗೆ 80 ಮಿ.ಗ್ರಾಂ, ಹೆಂಗಸರಿಗೆ 65 ಮಿ.ಗ್ರಾಂ ಸಾಕು. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿ.ಗ್ರಾಂ ಸಿಗುತ್ತದೆ. ಹಸಿಯಾಗಿಯೇ ತಿನ್ನಿ, ಕುದಿಸಿದರೆ ಸಾಕಷ್ಟು ಹಾಳಾಗುತ್ತದೆ. ನಿಂಬೆರಸವನ್ನು ವಸಡಿಗೆ ತಿಕ್ಕುವ ಮನೆಮದ್ದು ಮಾತ್ರ ಬೇಡ. ಆಮ್ಲ ಹಲ್ಲಿನ ಹೊರಪದರವಾದ ಎನಾಮಲ್ ಕರಗಿಸುತ್ತದೆ. ನೆಲ್ಲಿ, ನಿಂಬೆ ತಿಂದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡಿ.

ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) ವರದಿಯನ್ನೂ ದಂತವೈದ್ಯರಿಗೆ ತೋರಿಸಿ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಆಕ್ಸಿಡೇಟಿವ್ ಒತ್ತಡ, ಅಂದರೆ ಮೇಲೆ ಹೇಳಿದ ಸುಡುವಿಕೆ, ಹೆಚ್ಚು, ಗಾಯ ಮಾಯುವುದು ನಿಧಾನ. ಕೀವು ಕಂಡರೆ, ಹಲ್ಲು ಅಲುಗಾಡಿದರೆ ಕಾಯಬೇಡಿ, ಆ ವಾರದಲ್ಲೇ ತೋರಿಸಿ.